ಹರಾಜಿನ ಕೋಳಿ, ಮನೆಯ ಫ್ರಿಜ್ಜು

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಬರೆಯುವ ಕೆಲಸ ಮೂರು ವರ್ಷದಿಂದ ನನ್ನದು. ಈ ಸಲ ಹಬ್ಬ ಮುಗಿದ ಹದಿನೈದು ದಿನಕ್ಕೆ ನಮ್ಮ ಮನೆಗೆ ಫ್ರಿಜ್ ಬಂತು. ಚೀಟಿ ಎತ್ತಿದ ದುಡ್ಡು ಅದು. ಆದರೆ ‘ಹರಾಜಿನ ಕೋಳಿ ಅವಳ ಫ್ರಿಜ್ಜಿನಲ್ಲಿ ಕೂತಿದೆ’ ಅಂತ ಹೆಂಗಸರ ಕೂಟದಲ್ಲಿ ಯಾರೋ ಅಂದರಂತೆ, ಎಲ್ಲರೂ ನಕ್ಕರಂತೆ. ಲೆಕ್ಕದ ಪುಸ್ತಕ ಎಲ್ಲರ ಮುಂದೆ ಇಡುತ್ತೇನೆ ಅಂದರೆ ನಮ್ಮ ಯಜಮಾನರು ಬೇಡ ಅನ್ನುತ್ತಾರೆ. ಯೇಸುಸ್ವಾಮಿ ಬಾಯಿ ತೆರೆಯಲಿಲ್ಲ, ನೀನೂ ದೇವರಿಗೆ ಬಿಟ್ಟುಬಿಡು ಅನ್ನುತ್ತಾರೆ. ಲೆಕ್ಕ ತೋರಿಸಿದರೆ ನನಗೆ ನಂಬಿಕೆ ಕಮ್ಮಿ ಅಂತ ಆಗುತ್ತಾ? ಮೂರು ಭಾನುವಾರದಿಂದ ಆರಾಧನೆಗೆ ಹೋಗಿಲ್ಲ.
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ತಂಗೀ, ಆ ಕೋಳಿ ಮಾತು ಓದಿ ನನಗೂ ಒಂದು ಕ್ಷಣ ನಗು ಬಂತು, ಕ್ಷಮಿಸಿ. ಇಂಥ ಮಾತಿನ ಕಷ್ಟವೇ ಅದು. ಸುಳ್ಳು ಅಂತ ಗೊತ್ತಿದ್ದವರೂ ನಗುತ್ತಾರೆ. ನಕ್ಕವರೆಲ್ಲ ನಂಬಿಯೇ ನಕ್ಕರು ಅಂತ ನೀವು ಮನೆಯಲ್ಲಿ ಕೂತು ಲೆಕ್ಕ ಹಾಕುತ್ತೀರಿ.

ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. ರೋಮನ್ ಅಧಿಪತಿ ಪಿಲಾತನ ಮುಂದೆ ಯಾಜಕರು ದೂರು ಹೇಳುತ್ತಿದ್ದಾಗ ಯೇಸು ಒಂದು ಮಾತೂ ಆಡಲಿಲ್ಲ, ಮತ್ತಾಯನ ಸುವಾರ್ತೆಯಲ್ಲಿದೆ. ಆದರೆ ಯೋಹಾನನ 18ನೇ ಅಧ್ಯಾಯವನ್ನೂ ಅವರಿಗೆ ಓದಿ ಹೇಳಿ. ಮಹಾಯಾಜಕನ ಎದುರು ಒಬ್ಬ ಓಲೇಕಾರ, ಅಂದರೆ ಕಾವಲಿನವ, ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ನೇರವಾಗಿ ಕೇಳಿದರು.

ಇನ್ನು ದುಡ್ಡಿನ ವಿಷಯ. ಇದರಲ್ಲಿ ಅಪೊಸ್ತಲ ಪೌಲನಷ್ಟು ಹುಷಾರಾದವನು ಇನ್ನೊಬ್ಬ ಇಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಸಭೆಗಳಿಂದ ಹಣ ಕೂಡಿಸುವಾಗ ಅವನು ಒಬ್ಬನೇ ಆ ಗಂಟನ್ನು ಮುಟ್ಟಲಿಲ್ಲ. ತನ್ನ ಜೊತೆಗೆಲಸದ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಯಾಕೆ ಅಂತಲೂ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿ ಹೇಳಿದ್ದಾನೆ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಕಣ್ಣಿಗೆ ಮಾತ್ರವಲ್ಲ, ಜನರ ಕಣ್ಣಿಗೂ ಸರಿ ಕಾಣಬೇಕು ಅಂತ. ಪೌಲನಿಗೆ ನಂಬಿಕೆ ಕಮ್ಮಿ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ನನ್ನದೇ ಒಂದು ಕಥೆ ಕೇಳಿ. ಸಂಡೇ ಸ್ಕೂಲ್ ಮಕ್ಕಳ ಪಿಕ್ನಿಕ್ ದುಡ್ಡು ಒಂದು ಸಲ ನನ್ನ ಹತ್ತಿರ ಇತ್ತು. ಲೆಕ್ಕ ಬರೆದದ್ದು ಕ್ಯಾಲೆಂಡರ್ ಹಾಳೆಯ ಹಿಂದುಗಡೆ. ತಿಂಗಳು ಮುಗಿಯಿತು, ಹಾಳೆ ಹರಿದು ಬಜ್ಜಿಯ ಎಣ್ಣೆ ಹೀರೋಕೆ ತಟ್ಟೆಗೆ ಹಾಸಿಬಿಟ್ಟೆ. ಆಮೇಲೆ 340 ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇಲ್ಲ. ‘ದೇವರಿಗೆ ಗೊತ್ತು’ ಅಂದೆ, ಅಳುತ್ತಾ. ದೇವರಿಗೆ ಗೊತ್ತಿತ್ತು, ನಿಜ. ಮಕ್ಕಳ ಅಪ್ಪ ಅಮ್ಮಂದಿರಿಗೂ ಗೊತ್ತಾಗಬೇಕಿತ್ತು ಅಲ್ವಾ?

ನಿಮ್ಮ ಹತ್ತಿರ ಪುಸ್ತಕ ಇದೆ. ತೋರಿಸಿ. ಆದರೆ ಹೆಂಗಸರ ಕೂಟಕ್ಕೆ ಹೋಗಿ ಮೇಜಿನ ಮೇಲೆ ಎಸೆಯಬೇಡಿ. ಸಭಾಪಾಲಕರಿಗೂ ಖಜಾಂಚಿಗೂ ಕೊಟ್ಟು, ಇಬ್ಬರು ಕೂತು ತಾಳೆ ನೋಡಿ ಸಹಿ ಹಾಕಲಿ ಅನ್ನಿ. ಇನ್ನೊಂದು ವಿಷಯ, ಹರಾಜಿನ ದುಡ್ಡಿಗೆ ಅನುಮಾನ ಅಂಟೋದು ಸುಲಭ. ಒಂದು ಮೊಟ್ಟೆಗೆ ಐನೂರು ಅಂತ ಕೂಗುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಕೊಂಡವರು ‘ಮುಂದಿನ ವಾರ ಕೊಡ್ತೀನಿ’ ಅಂತ ಮೊಟ್ಟೆ ಹಿಡಿದು ಮನೆಗೆ ಹೋಗುತ್ತಾರೆ. ಜನರ ಕಿವಿಯಲ್ಲಿ ಉಳಿಯೋದು ಕೂಗಿದ ಮೊತ್ತ, ನಿಮ್ಮ ಡಬ್ಬಿಗೆ ಬಿದ್ದದ್ದು ಅದಕ್ಕಿಂತ ಕಮ್ಮಿ. ಹಾಗಾಗಿ ಕೂಗಿದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಅಂತ ಎರಡು ಸಾಲು ಮಾಡಿ. ಬಾಕಿದಾರರ ಹೆಸರು ಮಾತ್ರ ಓದಿಸಬೇಡಿ. ನಿಮಗಾದ ನೋವು ಇನ್ನೊಬ್ಬರಿಗೆ ಯಾಕೆ.

ಇಷ್ಟಾದ ಮೇಲೂ ಒಬ್ಬಿಬ್ಬರು ಆಡಿಕೊಳ್ಳುತ್ತಾರೆ. ಅವರನ್ನು ದೇವರಿಗೆ ಬಿಡಿ. ಯಜಮಾನರ ಮಾತು ಸಲ್ಲೋದು ಇಲ್ಲಿ.

ಬಿಡೋದು ಎಷ್ಟು ಕಷ್ಟ ಅಂತ ರಾಜ ದಾವೀದನನ್ನು ನೋಡಿ. ಮಗ ಅಬ್ಷಾಲೋಮನಿಗೆ ಹೆದರಿ ಊರು ಬಿಟ್ಟು ಹೋಗುತ್ತಿದ್ದಾನೆ. ಬಹುರೀಮಿನ ಹತ್ತಿರ ಹಿಂದಿನ ರಾಜ ಸೌಲನ ವಂಶದ ಶಿಮ್ಮಿ ಅನ್ನೋನು ಗುಡ್ಡದ ಮಗ್ಗುಲಲ್ಲೇ ನಡೆಯುತ್ತ, ಕಲ್ಲೆಸೆಯುತ್ತ, ಮಣ್ಣು ತೂರುತ್ತ ಸೌಲನ ಮನೆಯವರ ರಕ್ತ ಸುರಿಸಿದ ಕೊಲೆಗಡುಕ ಅಂತ ಬೈಯುತ್ತಾನೆ. ಈ ಸತ್ತ ನಾಯಿಯ ತಲೆ ಹಾರಿಸಿ ಬರಲಾ ಅಂತ ದಾವೀದನ ಕಡೆಯ ಅಬೀಷೈ ಕೇಳಿದರೆ ದಾವೀದ ಬೇಡ ಅನ್ನುತ್ತಾನೆ. ಸೌಲನನ್ನು ಅವನು ಕೊಂದಿರಲಿಲ್ಲ, ಸರಿ, ಆದರೆ ಬತ್ಷೆಬೆಯ ಗಂಡ, ತನ್ನದೇ ಸೈನಿಕ ಊರೀಯನನ್ನು ಕೊಲ್ಲಿಸಿದ್ದು ಅವನೇ ಅಲ್ವಾ? ಬೈಗುಳದಲ್ಲಿ ಎಲ್ಲೋ ಒಂದು ಕಾಳು ನಿಜ ಇತ್ತು, ಅದು ಅವನಿಗೆ ಚುಚ್ಚಿರಬೇಕು ಅಂತ ನನ್ನ ಊಹೆ. ಎಷ್ಟು ದೊಡ್ಡ ಮನಸ್ಸು ಅನಿಸುತ್ತೆ. ಆದರೆ ಸಾಯುವ ಹೊತ್ತಿಗೆ ಅದೇ ದಾವೀದ ಮಗ ಸೊಲೊಮೋನನಿಗೆ ಶಿಮ್ಮಿಯನ್ನು ಸುಮ್ಮನೆ ಬಿಡಬೇಡ ಅಂದ. ಈ ಭಾಗವನ್ನು ಪ್ರಸಂಗದಲ್ಲಿ ನಾನಂತೂ ಜಾಸ್ತಿ ಕೇಳಿಲ್ಲ. ಮಾತಿನ ಗಾಯ ಅಷ್ಟು ವರ್ಷ ಒಳಗೇ ಕೂತಿತ್ತು ನೋಡಿ. ಹಾಗಾಗಿ ಪ್ರಾರ್ಥನೆ ಮುಗಿದ ಕೂಡಲೇ ಮನಸ್ಸು ತಣ್ಣಗಾಗಲಿಲ್ಲ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಅವರ ಹೆಸರು ಹೇಳಿ, ನನಗೆ ಇವರ ಮೇಲೆ ಸಿಟ್ಟಿದೆ ಸ್ವಾಮಿ ಅಂತಲೇ ಪ್ರಾರ್ಥನೆ ಮಾಡಿ. ಕೀರ್ತನೆಗಳಲ್ಲಿ ಇದಕ್ಕಿಂತ ಖಾರವಾದ ಪ್ರಾರ್ಥನೆಗಳಿವೆ.

ಈ ಭಾನುವಾರ ಹೋಗಿ. ಯಾವಾಗಲೂ ಕೂರುವ ಬೆಂಚಿನಲ್ಲೇ ಕೂತ್ಕೊಳ್ಳಿ. ಯಾರಾದರೂ ಫ್ರಿಜ್ ಬಗ್ಗೆ ಕೇಳಿದರೆ ಎಷ್ಟು ಲೀಟರಿನದು ಅಂತ ಹೇಳಿ.

ಪ್ರಶ್ನೆ: ಬೆಂಗಳೂರಿನ ಪಿಜಿಯಲ್ಲಿದ್ದೀನಿ. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರೆ ರೂಮ್‌ಮೇಟ್‌ಗಳು ‘ಫಾದರ್ ಬಂದ್ರು’ ಅಂತ ರೇಗಿಸುತ್ತಾರೆ. ಮನಸ್ಸಿನಲ್ಲೇ ಮಾಡಿದರೆ ತಪ್ಪಾ?
(ಒಬ್ಬ ಯುವಕ)

ಉತ್ತರ: ತಪ್ಪೇನಿಲ್ಲ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಅಂತ ಯೇಸುವೇ ಹೇಳಿದ್ದಾರೆ. ಆದರೆ ದಾನಿಯೇಲ, ರಾಜನಿಗಲ್ಲದೆ ಬೇರೆ ಯಾರಿಗೂ ಪ್ರಾರ್ಥಿಸಬಾರದು ಅನ್ನೋ ರಾಜಾಜ್ಞೆ ಬಂದ ಮೇಲೂ, ಕಿಟಕಿ ತೆರೆದಿದ್ದ ಕೋಣೆಯಲ್ಲೇ, ಮೊದಲಿನ ಹಾಗೆ ದಿನಕ್ಕೆ ಮೂರು ಸಲ ಮಂಡಿಯೂರಿದ. ಅವನಿಗೆ ಎದುರಾದದ್ದು ಸಿಂಹ, ನಿಮಗೆ ಬರೀ ರೂಮ್‌ಮೇಟು. ಅವರಿಗೆ ಹೆದರಿ ಅಭ್ಯಾಸ ಬದಲಿಸಬೇಡಿ. ಇನ್ನೊಂದು ಸಲ ‘ಫಾದರ್ ಬಂದ್ರು’ ಅಂದರೆ ಊಟದ ತಟ್ಟೆ ಮುಂದೆ ಹಿಡಿದು ಕಾಣಿಕೆ ಹಾಕಿ ಅನ್ನಿ.