ಅಕ್ಕನ ಅಂಚೆ: ಬರ್ಲಿನ್‌ನಲ್ಲಿ ಮೊದಲ ಹದಿನೈದು ದಿನ

ಈ ಸಲ ಬಂದ ಮೂರು ಪತ್ರಗಳೂ ಬರ್ಲಿನ್‌ಗೆ ಓದಲು ಹೊರಟ, ಇಲ್ಲವೇ ಈಗಷ್ಟೇ ಹೋಗಿ ಇಳಿದ ಮಕ್ಕಳ ವಿಷಯದವೇ. ನಾನೂ ವಿಜಯಪುರದಿಂದ ಹೋಗಿ 2012ರಿಂದ ಎರಡು ವರ್ಷ ಅಲ್ಲಿ ಓದಿ ಬಂದವಳು ಅಂತ ಹಿಂದೊಮ್ಮೆ ಬರೆದಿದ್ದೆ. ಅದಕ್ಕೇ ಇರಬೇಕು.

ಅಕ್ಕಾ, ನಮಸ್ಕಾರ. ನಮ್ಮ ಮನೆ ಗೋಳಗುಮ್ಮಟದ ಹತ್ತಿರ. ಬರ್ಲಿನ್‌ನಲ್ಲಿ ಎಂ.ಎಸ್‌ಸಿ.ಗೆ ಸೀಟು ಸಿಕ್ಕಿದೆ. ಸೆಪ್ಟೆಂಬರ್ ಕೊನೆಗೆ ಹೊರಡುತ್ತೇನೆ. ಕ್ಲಾಸು ಶುರುವಾಗುವುದು ಅಕ್ಟೋಬರ್ ನಡುವೆ. ಅಷ್ಟರಲ್ಲಿ ಊರು ನೋಡಬೇಕು ಅಂತ ಆಸೆ. ಆದರೆ ನಾನು ಒಬ್ಬಳೇ ಬೆಂಗಳೂರಿಗೂ ಹೋದವಳಲ್ಲ. ದಾರಿ ತಪ್ಪಿದರೆ ಏನು ಮಾಡಲಿ? ಮೊದಲು ಏನೇನು ನೋಡಬೇಕು ಅಂತ ಒಂದು ಪಟ್ಟಿ ಕೊಡಿ.
— ಎಸ್., ವಿಜಯಪುರ

ತಂಗೀ, ಪಟ್ಟಿ ಮಾತ್ರ ಕೇಳಬೇಡ. ಪಟ್ಟಿ ಹಿಡಿದು ತಿರುಗಿದವರ ಫೋನಿನಲ್ಲಿ ಫೋಟೊ ತುಂಬುತ್ತವೆ, ಊರು ತಿಳಿಯುವುದಿಲ್ಲ. ನನಗೆ ಬರ್ಲಿನ್ ಪರಿಚಯವಾದದ್ದು ಬ್ರೆಡ್ಡು, ಸಿಮ್ ಕಾರ್ಡು, ಬಕೆಟ್ಟು ಹುಡುಕುತ್ತಾ ಅಲೆದಾಗ. ಬಕೆಟ್ಟಿಗಂತೂ ನಾಲ್ಕು ದಿನ ತಿರುಗಿದೆ. ಬಕೆಟ್ ಸಿಕ್ಕಿತು, ತಂಬಿಗೆ ಸಿಗಲಿಲ್ಲ. ಕೊನೆಗೆ ಹಿಟ್ಟು ಅಳೆಯುವ ಪ್ಲಾಸ್ಟಿಕ್ ಜಗ್ ಒಂದನ್ನು ತಂದು ಅದನ್ನೇ ತಂಬಿಗೆ ಮಾಡಿಕೊಂಡೆ. 250, 500 ಅಂತ ಗೆರೆ ಇದ್ದ ಆ ಜಗ್‌ನಲ್ಲೇ ಎರಡು ವರ್ಷ ಸ್ನಾನ. ಆದರೆ ಆ ನಾಲ್ಕು ದಿನದಲ್ಲಿ ನನ್ನ ಕೋಣೆಯ ಸುತ್ತಲಿನ ಎಲ್ಲ ಬೀದಿ ಬಾಯಿಪಾಠವಾಗಿತ್ತು.

ನಾನು ಇಳಿದದ್ದು ಅಕ್ಟೋಬರ್ 2ರ ಸಂಜೆ. ಇಲ್ಲಿ ಗಾಂಧಿ ಜಯಂತಿ ರಜೆ. ಮರುದಿನ ಅಲ್ಲೂ ರಜೆ ಅಂತ ನನಗೇನು ಗೊತ್ತು? 1990ರ ಅಕ್ಟೋಬರ್ 3ಕ್ಕೆ ಪೂರ್ವ, ಪಶ್ಚಿಮ ಜರ್ಮನಿ ಒಂದಾದವು. ಆ ದಿನ ದೇಶಕ್ಕೆಲ್ಲ ರಜೆ. ನಮ್ಮಲ್ಲಿ ಬಂದ್ ಅಂದರೂ ಯಾರಾದರೂ ಅರ್ಧ ಷಟರ್ ಎತ್ತಿ ಹಾಲಿನ ಪಾಕೀಟು ಕೊಡುತ್ತಾರೆ, ಅಲ್ವಾ? ಅಲ್ಲಿ ಆ ಆಟ ನಡೆಯುವುದಿಲ್ಲ. ಅವ್ವ ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೇ ಎರಡು ಹೊತ್ತು ಕಾಪಾಡಿತು. ರೊಟ್ಟಿ ಸೂಟ್‌ಕೇಸಿನಲ್ಲಿ ಪುಡಿಪುಡಿಯಾಗಿತ್ತು, ಚಮಚದಲ್ಲಿ ತಿಂದೆ. ಆ ತಾರೀಖು ನೆನಪಿಟ್ಟುಕೋ. ಪ್ರತಿ ಭಾನುವಾರದ್ದೂ ಇದೇ ಕತೆ. ದೊಡ್ಡ ರೈಲು ನಿಲ್ದಾಣಗಳ ಒಳಗೆ ಕೆಲವು ಅಂಗಡಿ ತೆಗೆದಿರುತ್ತವೆ, ಅಲ್ಲಿ ಕ್ಯೂ ಜಾಸ್ತಿ. ಶನಿವಾರವೇ ಸಂತೆ ಮುಗಿಸು.

ಇನ್ನು ಓಡಾಟ. ಮೆಟ್ರೊ ನಿಲ್ದಾಣದಲ್ಲಿ ಗೇಟ್ ಇಲ್ಲ. ಬೆಂಗಳೂರಿನ ಹಾಗೆ ಕಾರ್ಡ್ ತೋರಿಸಿದರೆ ಬಾಗಿಲು ತೆಗೆಯುವುದು, ಅದೆಲ್ಲ ಇಲ್ಲ. ಸೀದಾ ಇಳಿದು ಹೋಗಿ ರೈಲು ಹತ್ತಬಹುದು. ‘ಎಷ್ಟು ನಂಬಿಕೆಯ ಜನ’ ಅಂದುಕೊಂಡೆ. ಮೂರನೇ ದಿನ ಆ ನಂಬಿಕೆಯ ಬೆಲೆ ತಿಳಿಯಿತು. ಮಷಿನ್‌ನಲ್ಲಿ ಟಿಕೆಟ್ ತೆಗೆದು ಜೋಪಾನವಾಗಿ ಪರ್ಸಿನಲ್ಲಿ ಇಟ್ಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ, ಟಿಕೆಟ್ಟನ್ನು ಅದರ ಬಾಯಿಗೆ ಕೊಟ್ಟು ‘ಕಟಕ್’ ಅಂತ ಮೊಹರು ಹಾಕಿಸಬೇಕು. ನಾನು ಹಾಕಿಸಿರಲಿಲ್ಲ. ಜೀನ್ಸ್, ಜಾಕೆಟ್ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದವರು ರೈಲು ಹೊರಟ ಕೂಡಲೇ ಗುರುತಿನ ಚೀಟಿ ತೆಗೆದರು. ತಪ್ಪು ನನ್ನದೇ. ಆಗ ದಂಡ 40 ಯೂರೊ. ರೂಪಾಯಿ ಲೆಕ್ಕ ಹಾಕಿ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ 60 ಯೂರೊ. ಬರ್ಲಿನ್ ಎ, ಬಿ, ಸಿ ಅಂತ ಮೂರು ವಲಯ. ಈಗಿನ ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಇಳಿದ ದಿನ ಮೂರೂ ವಲಯದ ಟಿಕೆಟ್ ತೆಗೆದುಕೋ. ವಿಶ್ವವಿದ್ಯಾಲಯದ ಶುಲ್ಕದ ಜತೆ ಬರುವ ಸೆಮಿಸ್ಟರ್ ಟಿಕೆಟ್‌ನ ಲೆಕ್ಕ ಅಕ್ಟೋಬರ್ 1ರಿಂದ. ಅದಕ್ಕೂ ಮೊದಲಿನ ನಾಲ್ಕೈದು ದಿನದಲ್ಲೇ ಎಲ್ಲರೂ ಸಿಕ್ಕಿಬೀಳುವುದು.

ದಾರಿ ತಪ್ಪಿದರೆ ಅಂತ ಕೇಳಿದ್ದೀಯ. ತಪ್ಪಲಿ ಬಿಡು. ಅದಕ್ಕೇ ಅಂತಲೇ ಒಂದು ರೈಲಿದೆ. ಎಸ್41, ಎಸ್42 ಅಂತ ಹೆಸರು. ಊರಿನ ಸುತ್ತ ಉಂಗುರದ ಹಾಗೆ ಹಳಿ, 37 ಕಿ.ಮೀ. ಒಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಇನ್ನೊಂದು ತಿರುವುಮುರುವು. ಹತ್ತಿ ಕುಳಿತರೆ ಸುಮಾರು ಒಂದು ತಾಸಿಗೆ ಹತ್ತಿದಲ್ಲಿಗೇ ತಂದು ಬಿಡುತ್ತದೆ. ಮೊದಲ ಭಾನುವಾರ ಕಿಟಕಿ ಪಕ್ಕ ಕುಳಿತು ಒಂದು ಪ್ರದಕ್ಷಿಣೆ ಹಾಕು. ಇದಕ್ಕೆ ದಿನದ ಟಿಕೆಟ್ಟೋ ಸೆಮಿಸ್ಟರ್ ಟಿಕೆಟ್ಟೋ ಬೇಕು. ಒಂದು ಸಲದ ಟಿಕೆಟ್ಟಿನಲ್ಲಿ ಸುತ್ತಿ ಹೊರಟಲ್ಲಿಗೇ ಬರುವ ಹಾಗಿಲ್ಲ. ಒಳಗೆ ಎಲ್ಲಿ ಕಳೆದುಹೋದರೂ ‘ಉಂಗುರದ ರೈಲು ಯಾವ ಕಡೆ’ ಅಂತ ಕೇಳಿದರೆ ಆಯಿತು, ದಾರಿ ಸಿಕ್ಕ ಹಾಗೆ. ಒಂದು ಮಾತು: ಕೋಣೆಯ ವಿಳಾಸವನ್ನು ಕಾಗದದ ಮೇಲೂ ಬರೆದಿಟ್ಟುಕೋ. ಹಳೇ ಫೋನಾದರೆ ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ. ಪೊಲೀಸರಿಗೆ 110, ಆಂಬುಲೆನ್ಸಿಗೆ 112.

ನಡೆಯುವಾಗ ಕಾಲ ಕೆಳಗೆ ನೋಡು. ಎರಡು ಕಾರಣ. ಫುಟ್‌ಪಾತಿನಲ್ಲೇ ಸೈಕಲ್ಲಿಗೆ ಬೇರೆ ಪಟ್ಟಿ ಇರುತ್ತದೆ, ಹಲವು ಕಡೆ ಕೆಂಪು ಇಟ್ಟಿಗೆ ಬಣ್ಣದ್ದು. ಅದರ ಮೇಲೆ ನಿಂತು ಮ್ಯಾಪ್ ನೋಡುತ್ತಿದ್ದೆ. ಹಿಂದಿನಿಂದ ಗಂಟೆ ಬಾರಿಸುತ್ತಾ ಬಂದ ಅಜ್ಜಿಯೊಬ್ಬರು ಬೈದದ್ದು ಒಂದಕ್ಷರವೂ ಅರ್ಥವಾಗಲಿಲ್ಲ, ಪೂರ್ತಿ ತಿಳಿಯಿತು. ಗಾಂಧಿ ಚೌಕಿನಲ್ಲಿ ಟಾಂಗಾ, ಆಟೊ, ಎಮ್ಮೆ ನಡುವೆ ದಾಟಿ ಬೆಳೆದವರಿಗೆ ಇದು ಕಷ್ಟ. ಎರಡೂ ಕಡೆ ಒಂದು ಗಾಡಿ ಇರುವುದಿಲ್ಲ, ಕೆಂಪು ದೀಪಕ್ಕೆ ಹತ್ತು ಜನ ಸುಮ್ನೆ ನಿಂತಿರುತ್ತಾರೆ. ಮಕ್ಕಳಿದ್ದರಂತೂ ದಾಟಲೇಬೇಡ, ತಾಯಂದಿರು ಕಣ್ಣು ಬಿಡುತ್ತಾರೆ.

ಎರಡನೆಯದು ಕಲ್ಲು. ಊರ ನಡುವೆ ರಸ್ತೆಯಲ್ಲಿ ಎರಡು ಸಾಲು ಕಲ್ಲು ಹುದುಗಿಸಿರುವುದು ಕಾಣುತ್ತದೆ. ಟಾರು ಸೀಳಿಕೊಂಡು, ಪಾರ್ಕಿಂಗ್ ದಾಟಿ, ಒಮ್ಮೊಮ್ಮೆ ಕಟ್ಟಡದ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅದು ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಇದ್ದ ಜಾಗ. 1961ರ ಆಗಸ್ಟ್ 13ಕ್ಕೆ ಎದ್ದದ್ದು, 1989ರ ನವೆಂಬರ್ 9ಕ್ಕೆ ಬಾಗಿಲು ತೆರೆದದ್ದು. ಪಶ್ಚಿಮ ಬರ್ಲಿನ್ನಿನ ಸುತ್ತ ಸುಮಾರು 155 ಕಿ.ಮೀ. ಇತ್ತು. ಚಿತ್ರ ಬರೆದ ಗೋಡೆಯ ಮುಂದೆ ಎಲ್ಲರೂ ಫೋಟೊ ತೆಗೆಸುತ್ತಾರೆ, ನೀನೂ ತೆಗೆಸು. ಆದರೆ ನನಗೆ ಹಿಡಿಸಿದ್ದು ಈ ಕಲ್ಲಿನ ಸಾಲು. ನಮ್ಮ ಊರಿನ ಕೋಟೆಗೋಡೆ ಸುತ್ತಳತೆ ಸುಮಾರು 10 ಕಿ.ಮೀ., ಹೊರಗಿನವರು ಒಳಗೆ ಬರಬಾರದು ಅಂತ ಕಟ್ಟಿದ್ದು. ಇದು ಪೂರ್ವ ಜರ್ಮನಿಯವರು ತಮ್ಮ ಜನವೇ ಪಶ್ಚಿಮಕ್ಕೆ ಹೋಗಬಾರದು ಅಂತ ಕಟ್ಟಿದ್ದು. ಆ ಸಾಲಿನ ಈಚೆ ಒಂದು ಕಾಲು, ಆಚೆ ಒಂದು ಕಾಲು ಇಟ್ಟು ಎಷ್ಟೋ ಹೊತ್ತು ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ನಾಯಿ ಹಿಡಿದುಕೊಂಡು ಅದನ್ನು ದಾಟಿ ಬ್ರೆಡ್ ತರಲು ಹೋದರು.

ಸರಿ, ಗುಮ್ಮಟದ ಹತ್ತಿರದವಳು, ಒಂದು ಜಾಗ ಮಾತ್ರ ಹೇಳುತ್ತೇನೆ. ಅಲ್ಲಿನ ಸಂಸತ್ ಭವನ ರೈಷ್‌ಟಾಗ್‌ನ ಮೇಲೆ ಗಾಜಿನ ಗುಮ್ಮಟವಿದೆ. 1999ರಲ್ಲಿ ತೆರೆದದ್ದು. ನೋಡಲು ದುಡ್ಡಿಲ್ಲ, ಆದರೆ ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಅದರ ವ್ಯಾಸ 40 ಮೀಟರ್. ನಮ್ಮದರ ಹೊರವ್ಯಾಸ 44. ಕ್ಯೂನಲ್ಲಿದ್ದ ಎಲ್ಲರಿಗೂ ಇದನ್ನು ಹೇಳಿದೆ, ಯಾರೂ ಕೇಳಿರಲಿಲ್ಲ. ಸುತ್ತು ಇಳಿಜಾರು ದಾರಿಯಲ್ಲಿ ಮೇಲೆ ಹತ್ತಿ, ಯಾರೂ ನೋಡದ ಹಾಗೆ ಮೆಲ್ಲಗೆ ‘ಅವ್ವಾ’ ಅಂದೆ. ಏನೂ ವಾಪಸು ಬರಲಿಲ್ಲ. ಬರುವುದೂ ಇಲ್ಲ, ಅದರ ನೆತ್ತಿಯೇ ತೆರೆದಿದೆ, ದನಿ ಆಕಾಶಕ್ಕೆ ಹೋಗುತ್ತದೆ. ಇಲ್ಲಿ ಪಿಸುಗುಟ್ಟಿದರೂ ಏಳು ಸಲ ಮರುದನಿ ಕೇಳಿ ಬೆಳೆದವಳಿಗೆ ಅಲ್ಲಿ ಮೊದಲ ಸಲ ಗಂಟಲು ಕಟ್ಟಿತು. ಕೆಳಗೆ ಇಳಿದು ಅವ್ವನಿಗೆ ಫೋನ್ ಮಾಡಿದೆ. ‘ಊಟ ಆತೇನ್ವಾ?’ ಅಂದಳು. ಅವಳಿಗೆ ಆಗ ರಾತ್ರಿ ಹತ್ತು.

ಮರೆತಿದ್ದೆ. ನಲ್ಲಿ ನೀರು ಧೈರ್ಯವಾಗಿ ಕುಡಿ. ಬಾಟಲಿ ನೀರು ಕೊಂಡರೆ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಗೋಡೆಗೆ ಒಂದು ದುಂಡು ಕಿಂಡಿ ಇರುತ್ತದೆ. ಬಾಟಲಿಯನ್ನು ಅಡ್ಡ ಮಲಗಿಸಿ ಇಟ್ಟರೆ ಒಂದು ಸುತ್ತು ತಿರುಗಿಸಿ ನೋಡಿ ಒಳಗೆ ಎಳೆದುಕೊಳ್ಳುತ್ತದೆ, ಲೇಬಲ್ ಹರಿದಿದ್ದರೆ ವಾಪಸು ನೂಕುತ್ತದೆ. ಕೊನೆಗೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಇದು ಗೊತ್ತಿಲ್ಲದೆ ಎರಡು ವಾರ ಬಾಟಲಿ ಎಸೆದೆ. ಜನ ಖಾಲಿ ಬಾಟಲಿಯನ್ನು ಕಸದ ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುವುದು ನೋಡಿ ಸೋಮಾರಿಗಳು ಅಂದುಕೊಂಡಿದ್ದೆ. ಆರಿಸಿ ಮಾರುವ ಬಡವರು ಡಬ್ಬಿಗೆ ಕೈ ಹಾಕಬಾರದು ಅಂತ ಹಾಗೆ ಇಡುತ್ತಾರಂತೆ.

ಮಗ ಬರ್ಲಿನ್‌ಗೆ ಹೋಗಿ ಹತ್ತು ದಿನವಾಯಿತು. ದಿನಾ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್ ಮಾಡುತ್ತೇವೆ. ಯಾವಾಗ ನೋಡಿದರೂ ಕೋಣೆಯಲ್ಲೇ ಕುಳಿತಿರುತ್ತಾನೆ. ‘ಹೊರಗೆ ಹೋಗೋ’ ಅಂದರೆ ‘ನಾಳೆ’ ಅನ್ನುತ್ತಾನೆ. ನಮಗೆ ಚಿಂತೆಯಾಗಿದೆ. ಪರಿಚಯದವರು ಆ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕುಂದಾ ಕಳಿಸಲೇ?
— ಒಬ್ಬ ತಾಯಿ, ಬೆಳಗಾವಿ

ತಾಯೀ, ಕುಂದಾದ ವಿಷಯ ಮೊದಲು ಮುಗಿಸುತ್ತೇನೆ. ಕಳಿಸಬೇಡಿ. ಹಾಲಿನ ಪದಾರ್ಥ, ಮಾಂಸ ಇವನ್ನು ಹೊರಗಿನಿಂದ ತರುವ ಹಾಗಿಲ್ಲ ಅಂತ ಯುರೋಪಿನ ನಿಯಮ. ಅಂಚೆಗೂ ಅದೇ. ತುಪ್ಪವೂ ಬೇಡ, ಹಸಿ ಕರಿಬೇವೂ ಬೇಡ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಖಡಕ್ ರೊಟ್ಟಿ ಧಾರಾಳವಾಗಿ ಕಳಿಸಿ. ಪರಿಚಯದವರ ಸೂಟ್‌ಕೇಸಿನಲ್ಲಿ ಕುಂದಾ ಇಟ್ಟು ಅವರನ್ನು ಕಸ್ಟಮ್ಸ್‌ನವರ ಮುಂದೆ ನಿಲ್ಲಿಸುವುದು ಸರಿಯಲ್ಲ.

ಇನ್ನು ಮಗ. ಬೇಜಾರಾಗಬೇಡಿ, ಅವನನ್ನು ಕೋಣೆಯಲ್ಲಿ ಕೂರಿಸಿರುವುದು ನೀವೇ ಇರಬಹುದು. ನಿಮಗೆ ರಾತ್ರಿ ಎಂಟು ಅಂದರೆ ಅವನಿಗೆ ಈಗ ಸಂಜೆ ನಾಲ್ಕೂವರೆ. ಹುಡುಗರು ಹೊರಗೆ ತಿರುಗುವ ಹೊತ್ತು. ಮನೆಯವರು ಕಾಲ್ ಮಾಡುತ್ತಾರೆ, ವೈಫೈ ಬೇಕು ಅಂತ ಅವನು ಮೂರು ಗಂಟೆಯಿಂದಲೇ ಕಾಯುತ್ತಿರುತ್ತಾನೆ. ನಾನೂ ಹಾಗೇ ಮಾಡಿದವಳು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದೆ ತಿರುಗಿಸುತ್ತಾರೆ. ಆಮೇಲೆ ನಿಮ್ಮ ಎಂಟು ಅವನ ಮೂರೂವರೆ. ಡಿಸೆಂಬರಿನಲ್ಲಿ ನಾಲ್ಕು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ. ಇರುವ ನಾಲ್ಕು ಹನಿ ಬಿಸಿಲು ಫೋನಿನಲ್ಲೇ ಹೋಯಿತು.

ನಿಮ್ಮ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮಾಡಿ, ಅವನು ಎದ್ದು ಚಹಾ ಕುಡಿಯುವ ಹೊತ್ತು. ದಿನಾ ಬೇಡ. ‘ಹೊರಗೆ ಹೋಗು’ ಅನ್ನಬೇಡಿ, ಕೆಲಸ ಹೇಳಿ. ‘ಅಲ್ಲಿ ಶೇಂಗಾ ಎಲ್ಲಿ ಸಿಗುತ್ತದೆ ನೋಡಿ ಬಾ, ರೇಟು ಎಷ್ಟು ಹೇಳು’ ಅನ್ನಿ. ಮಂಗಳವಾರ, ಶುಕ್ರವಾರ ಕಾಲುವೆ ದಂಡೆಯ ಮೈಬಾಖ್‌ಊಫರ್‌ನಲ್ಲಿ ತುರ್ಕಿಯವರ ಸಂತೆ ಸೇರುತ್ತದೆ. ಕೊತ್ತಂಬರಿ ಕಟ್ಟು, ಬದನೆಕಾಯಿ, ಕೂಗಿ ವ್ಯಾಪಾರ, ನಮ್ಮ ಸಂತೆಯ ಹಾಗೇ. ಸಂಜೆ ಮುಚ್ಚುವ ಹೊತ್ತಿಗೆ ದರ ಇಳಿಸುತ್ತಾರೆ. ಅಲ್ಲಿಗೆ ಕಳಿಸಿ. ಹೊಸ ಊರಿಗೆ ಹೋಗಿ ಹತ್ತೇ ದಿನ, ಕೋಣೆ ಹಿಡಿದು ಕೂರುವುದು ಸಹಜ. ಆದರೆ ತಿಂಗಳು ಕಳೆದರೂ ಹಾಗೇ ಇದ್ದು, ಊಟ, ಕ್ಲಾಸು ಎರಡೂ ಬಿಟ್ಟರೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮಾತು ಕೇಳಲೆಂದೇ ಸಲಹೆಗಾರರಿರುತ್ತಾರೆ, ಅವರನ್ನು ಕಾಣಲು ಹೇಳಿ.

ವೀಸಾಕ್ಕೆ ಅಂತ ಮೊದಲೇ ದುಡ್ಡು ಕಟ್ಟಿಡಬೇಕಾದ ಬ್ಲಾಕ್ಡ್ ಅಕೌಂಟಿಗೆ ಪೂರ್ತಿ ದುಡ್ಡು ಹಾಕಿದ್ದೇವೆ. ಆದರೂ ಮಗನ ಕೈಯಲ್ಲಿ ನಗದು ಕೊಡಬೇಕೇ?
— ಬಿ., ನವನಗರ, ಬಾಗಲಕೋಟೆ

ಕೊಡಿ. ಆ 11,904 ಯೂರೊ ವರ್ಷದ ಖರ್ಚಿಗೆ ಅಂತ, ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಅದೂ ಅವನು ಅಲ್ಲಿ ಹೋಗಿ, ಬ್ಯಾಂಕ್ ಖಾತೆ ತೆರೆದು, ಕಾಗದಪತ್ರ ಕೊಟ್ಟ ಮೇಲೆ. ಮನೆ ಹಿಡಿದು 14 ದಿನದೊಳಗೆ ವಿಳಾಸ ನೋಂದಣಿಯೂ ಆಗಬೇಕು, ಬರ್ಲಿನ್‌ನಲ್ಲಿ ಅದಕ್ಕೆ ಸಮಯ ಸಿಗುವುದೇ ದೊಡ್ಡ ಕೆಲಸ, ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹುಡುಕಲು ಹೇಳಿ. ಮನೆ ಮಾಲೀಕರ ಸಹಿ ಇರುವ ಫಾರ್ಮ್ ಬೇಕಾಗುತ್ತದೆ. ಇದೆಲ್ಲ ಆಗುವವರೆಗೆ ಬಾಡಿಗೆ, ಅಡ್ವಾನ್ಸು, ಊಟ ಕೈಯಿಂದಲೇ. ನಾನಾದರೆ 500 ಯೂರೊ ನಗದು, ಮಿಕ್ಕದ್ದು ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ಮೊದಲೇ ತುಂಬಿಟ್ಟ ಕಾರ್ಡು) ಕೊಡುತ್ತೇನೆ. ದೊಡ್ಡ ನೋಟು ಬೇಡ, 10, 20ರವೇ ಇರಲಿ. ಸಣ್ಣ ಅಂಗಡಿಗಳಲ್ಲಿ ಇನ್ನೂ ‘ನಗದು ಮಾತ್ರ’ ಅನ್ನುವವರಿದ್ದಾರೆ.

ಒಂದು ಯೂರೊದ ನಾಣ್ಯ ಒಂದಾದರೂ ಜೇಬಿನಲ್ಲಿರಲಿ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಗಳನ್ನು ಸರಪಳಿಯಿಂದ ಒಂದಕ್ಕೊಂದು ಬಿಗಿದಿರುತ್ತಾರೆ, ನಾಣ್ಯ ಹಾಕಿದರೆ ಬಿಚ್ಚುತ್ತದೆ, ಗಾಡಿ ವಾಪಸು ಇಟ್ಟರೆ ನಾಣ್ಯ ವಾಪಸು. ಇಲ್ಲಿ ನಾಣ್ಯ ಸಿಗುವುದಿಲ್ಲ ಅಂದರೆ, ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಒಂದು ನೀರಿನ ಬಾಟಲಿ ಕೊಂಡು ನೋಟು ಮುರಿಸಲು ಹೇಳಿ. ಬಾಟಲಿ ಎಸೆಯಬೇಡ ಅನ್ನಿ.