ಬೇಸ್‌ಮೆಂಟಿನ ಬಾಗಿಲಿಗೂ ಒಂದು ಫಾರಂ ಇದೆ

ನೀವು ಕೇಳಿದ್ದು ಇಷ್ಟು. ಕೆನಡಾದ ಬ್ರಾಂಪ್ಟನ್ನಿನಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲಿ ನಾಲ್ವರು ಬಾಡಿಗೆಗೆ ಇದ್ದೀರಿ, ಎಲ್ಲರೂ ಸ್ಟಡಿ ಪರ್ಮಿಟ್ ಮೇಲೆ. ಜನಗಣತಿಯ ಪತ್ರ ಮೇಲಿನ ಓನರ್ ಮನೆಗೆ ಬಂದಿದೆ. "ನಿಮಗೆ ಸಂಬಂಧ ಇಲ್ಲ, ಬಿಡಿ" ಅಂದಿದ್ದಾರೆ. ನೀವು ತುಂಬಬೇಕೋ ಬೇಡವೋ, ತುಂಬಿದರೆ ಮುಂದೆ ಕಾಯಂ ವಾಸದ ಅನುಮತಿಗೆ, ಅಂದರೆ ಪಿಆರ್‌ಗೆ ಅಡ್ಡಿ ಆಗುತ್ತದೋ ಅನ್ನೋ ಚಿಂತೆ ನಿಮ್ಮದು.

ತುಂಬಬೇಕು. ಅಡ್ಡಿ ಆಗುವುದಿಲ್ಲ.

ಕೆನಡಾದಲ್ಲಿ ವಾಸ ಇರುವವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್ ಇರುವವರೂ ಸೇರಿ. ನಿಮ್ಮನ್ನು ನೋಡಲು ಬಂದು ಹೋಗುವ ಅಪ್ಪ ಅಮ್ಮ ಲೆಕ್ಕಕ್ಕೆ ಬರುವುದಿಲ್ಲ. ಈ ಸಲ ಲೆಕ್ಕದ ದಿನ 2026ರ ಮೇ 12. ತಡವಾದರೂ ತೆಗೆದುಕೊಳ್ಳುತ್ತಾರೆ. ಆದರೆ ಸುಮ್ನೆ ಬಿಡಬೇಡಿ, ಇದು ಕಡ್ಡಾಯ. ಕಾನೂನಿನಲ್ಲಿ 500 ಡಾಲರ್‌ವರೆಗೆ ದಂಡವೂ ಇದೆ.

ಗೊಂದಲ ಆಗುವುದು ಎಲ್ಲಿ ಗೊತ್ತಾ? ನಮ್ಮೂರಲ್ಲಿ ಶಾಲೆ ಮೇಷ್ಟ್ರು ಮನೆಗೆ ಬಂದು ಬರೆದುಕೊಳ್ಳುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು ಒಂದು ಕುಟುಂಬ ಅಂತ ಲೆಕ್ಕ. ಇಲ್ಲಿ ಮೊದಲು ನೋಡುವುದು ಬಾಗಿಲನ್ನು. ನಿಮ್ಮ ಬಾಗಿಲು ಹೊರಗಿನಿಂದಲೋ, ಎಲ್ಲರೂ ಓಡಾಡುವ ಮೆಟ್ಟಿಲಿನಿಂದಲೋ ಇದ್ದು, ಬೇರೆಯವರ ಮನೆ ಹಾದುಹೋಗದೆ ನೀವು ಒಳಗೆ ಬರಬಹುದು ಅಂದರೆ ಅದು ಬೇರೆ ಮನೆ. ಅದಕ್ಕೆ ಬೇರೆ ಫಾರಂ. ಓನರ್ ಅವರ ಹಾಲ್ ದಾಟಿಯೇ ಕೆಳಗೆ ಇಳಿಯಬೇಕಾದರೆ ಮೇಲೆ ಕೆಳಗೆ ಸೇರಿ ಒಂದೇ ಫಾರಂ, ಆಗ ನಿಮ್ಮ ಹೆಸರೂ ಅದರಲ್ಲಿ ಇರಲೇಬೇಕು.

2016ರಲ್ಲಿ ನಾನು ಟೊರಾಂಟೊದ ಸ್ಕಾರ್ಬರೋದಲ್ಲಿ ಹೀಗೇ ಇದ್ದೆ. ಪಕ್ಕದ ಗೇಟು ತೆಗೆದು ಆರು ಮೆಟ್ಟಿಲು ಇಳಿದರೆ ನಮ್ಮ ಬಾಗಿಲು. ಅದಕ್ಕೆ ನಂಬರೂ ಇರಲಿಲ್ಲ, ಪೋಸ್ಟ್ ಡಬ್ಬಿಯೂ ಇರಲಿಲ್ಲ. ಪತ್ರ ಬರುವುದು ಹೆಸರಿಗಲ್ಲ, ವಿಳಾಸಕ್ಕೆ. ಹಾಗಾಗಿ ನಮಗೆ ಬರಲೇ ಇಲ್ಲ. ಓನರ್ ತಮ್ಮ ಮನೆಯವರನ್ನಷ್ಟೇ ಬರೆದು ಕಳಿಸಿದರು. ನಾವು ಮೂವರು ಅಲ್ಲಿ ಬಾಡಿಗೆ ಕಟ್ಟಿದ್ದೆವು, ಅದೇ ಬಸ್ಸಿಗೆ ಬೆಳಗ್ಗೆ ನೇತಾಡಿಕೊಂಡು ಹೋಗುತ್ತಿದ್ದೆವು, ಆದರೆ ಆ ಲೆಕ್ಕದಲ್ಲಿ ಇಲ್ಲ. ನನಗೆ ಇದು ಇವತ್ತಿಗೂ ಬೇಸರ. ಆ ಬೀದಿಗೆ ಎಷ್ಟು ಬಸ್ಸು ಬೇಕು, ಶಾಲೆಯಲ್ಲಿ ಎಷ್ಟು ಜಾಗ ಬೇಕು ಅಂತ ಯೋಚಿಸುವವರು ನೋಡುವುದು ಇದೇ ಸಂಖ್ಯೆಗಳನ್ನು ಅಲ್ವಾ?

ನಿಮ್ಮ ಓನರ್ ಹೆದರಿರಬಹುದು. ಬೇಸ್‌ಮೆಂಟ್ ಸಿಟಿಯಲ್ಲಿ ರಿಜಿಸ್ಟರ್ ಆಗಿಲ್ಲದಿದ್ದರೆ ಆ ಭಯ ಸಹಜ. ಅವರಿಗೆ ಸಮಾಧಾನವಾಗಿ ಹೇಳಿ: ಫಾರಂನಲ್ಲಿ ಬರೆದದ್ದನ್ನು ಸಿಟಿಗೆ, ಇಮಿಗ್ರೇಶನ್‌ಗೆ, ಟ್ಯಾಕ್ಸ್ ಇಲಾಖೆಗೆ ಕೊಡುವಂತಿಲ್ಲ, ಅಂಕಿಅಂಶ ಕಾನೂನೇ ಅದನ್ನು ತಡೆಯುತ್ತದೆ. ಆದಾಯದ ವಿವರವನ್ನು ಜನಗಣತಿ ನಡೆಸುವ ಸ್ಟ್ಯಾಟಿಸ್ಟಿಕ್ಸ್ ಕೆನಡಾದವರು ಟ್ಯಾಕ್ಸ್ ಇಲಾಖೆಯಿಂದ ತರಿಸಿಕೊಳ್ಳುತ್ತಾರೆ. ಇಲ್ಲಿ ಬರೆದದ್ದು ಅಲ್ಲಿಗೆ ಹೋಗುವುದಿಲ್ಲ.

ಈಗ ಮಾಡಬೇಕಾದ್ದು ಒಂದೇ ಫೋನ್. ಜನಗಣತಿಯ ಸಹಾಯವಾಣಿಗೆ ಕರೆ ಮಾಡಿ, ಬೇಸ್‌ಮೆಂಟಿಗೆ ಬೇರೆ ಬಾಗಿಲಿದೆ, ಪತ್ರ ಬಂದಿಲ್ಲ ಅನ್ನಿ. 2021ರಲ್ಲಿ ನನ್ನ ತಮ್ಮನಿಗೆ ಹೀಗೇ ಆನ್‌ಲೈನ್ ಫಾರಂ ತೆರೆಯುವ ಕೋಡ್ ಸಿಕ್ಕಿತು. ಆನ್‌ಲೈನಿನಲ್ಲಿ ತುಂಬುವಾಗ ನಾಲ್ವರಲ್ಲಿ ಒಬ್ಬರು 'ವ್ಯಕ್ತಿ 1' ಆಗಬೇಕು. ಉಳಿದವರು ಅವರಿಗೆ ರೂಂಮೇಟ್, ನೆಂಟರಲ್ಲ. ಸ್ನೇಹಿತನಿಗೆ ನಿಮ್ಮ ವಿವರ ತೋರಿಸಲು ಇಷ್ಟವಿಲ್ಲದಿದ್ದರೆ ಒಬ್ಬರಿಗೇ ಬೇರೆ ಫಾರಂ ಕೇಳಬಹುದು, ಕೊಡುತ್ತಾರೆ. ನಾಲ್ಕು ಮನೆಗಳಲ್ಲಿ ಒಂದಕ್ಕೆ ಉದ್ದದ ಫಾರಂ ಬರುತ್ತದೆ. ಅದರಲ್ಲಿ ಬಾಡಿಗೆ ಎಷ್ಟು ಅಂತಲೂ ಕೇಳುತ್ತಾರೆ, ನಿಜವಾದದ್ದನ್ನೇ ಬರೆಯಿರಿ. ಯಾರಾದರೂ ಫೋನ್ ಮಾಡಿ ಸಿನ್ ನಂಬರ್ (ಕೆಲಸಕ್ಕೆ, ಟ್ಯಾಕ್ಸ್‌ಗೆ ಸರ್ಕಾರ ಕೊಡುವ ನಂಬರ್), ಬ್ಯಾಂಕ್ ವಿವರ ಕೇಳಿದರೆ ಅದು ಜನಗಣತಿ ಅಲ್ಲ, ಫೋನ್ ಇಟ್ಟುಬಿಡಿ.

ಒಂದು ಕಾಲಂ ಹತ್ತಿರ ದಯವಿಟ್ಟು ಸ್ವಲ್ಪ ನಿಲ್ಲಿ. ಚಿಕ್ಕಂದಿನಲ್ಲಿ ಮನೆಯಲ್ಲಿ ಮೊದಲು ಕಲಿತು ಈಗಲೂ ಅರ್ಥವಾಗುವ ಭಾಷೆ ಯಾವುದು ಅನ್ನುವ ಪ್ರಶ್ನೆ ಅದು. ಅವಸರದಲ್ಲಿ ಇಂಗ್ಲಿಷ್ ಅಂತ ಒತ್ತಿ ಮುಂದೆ ಹೋಗುವವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ. ಕನ್ನಡ ಅಂತ ಬರೆಯಿರಿ. ತುಳುವೋ ಕೊಂಕಣಿಯೋ ಕೊಡವವೋ ಆಗಿದ್ದರೆ ಅದನ್ನೇ ಬರೆಯಿರಿ. 2021ರಲ್ಲಿ ನಾನು ಮಗಳ ಹೆಸರಿನ ಮುಂದೆಯೂ ಕನ್ನಡ ಅಂತಲೇ ಟೈಪ್ ಮಾಡಿದೆ. ಅವಳಿಗೆ ಆಗ ಒಂದೂವರೆ ವರ್ಷ. ಬರುತ್ತಿದ್ದದ್ದು ಎರಡೇ ಮಾತು, 'ಅಜ್ಜಿ' ಮತ್ತು 'ನೀಉ'.