ಹಾಯಿದೋಣಿಯಲ್ಲಿ ಸಂಸಾರ, ಆಮೇಲೆ ಪನಾಮಾ ಕಾಲುವೆ

ನಿಮ್ಮ ಪ್ರಶ್ನೆ: "ಹಾಯಿದೋಣಿಯಲ್ಲೇ ವಾಸ ಮಾಡುತ್ತಾ ಪನಾಮಾ ಕಾಲುವೆ ದಾಟಿದ ಕನ್ನಡದವರು ಯಾರಾದರೂ ಇದ್ದೀರಾ? ರಜೆಯ ಹಾಗೆ ಇರುತ್ತಾ? ಸಣ್ಣ ದೋಣಿಗಳನ್ನೂ ಬಿಡ್ತಾರಾ?"

ಇದ್ದೀವಿ. ನಾನು ಮತ್ತು ನನ್ನ ಗಂಡ. ಕೆನಡಾದಲ್ಲಿ ಕೆಲಸದಲ್ಲಿದ್ದಾಗ 36 ಅಡಿಯ ಹಳೇ ಹಾಯಿದೋಣಿಯೊಂದನ್ನು ಕೊಂಡೆವು. ಕೆರಿಬಿಯನ್ ಸಮುದ್ರದಲ್ಲಿ ಏಳು ತಿಂಗಳು ಅದರಲ್ಲೇ ಇದ್ದು, ಆಮೇಲೆ ಕಾಲುವೆ ದಾಟಿದೆವು. ರಜೆಯ ಹಾಗಂತೂ ಇರುವುದಿಲ್ಲ. ಮನೆಯ ಹಾಗೇ ಇರುತ್ತದೆ, ನೆಲ ಮಾತ್ರ ಅಲ್ಲಾಡುತ್ತಿರುತ್ತದೆ.

ಎಲ್ಲರೂ ಬಿರುಗಾಳಿ, ಶಾರ್ಕ್ ಅಂತ ಕೇಳುತ್ತಾರೆ. ನನ್ನ ತಲೆಯಲ್ಲಿ ದಿನವಿಡೀ ಇದ್ದದ್ದು ಕುಡಿಯೋ ನೀರು. ನಮ್ಮ ಟ್ಯಾಂಕಿನಲ್ಲಿ 320 ಲೀಟರ್ ಹಿಡಿಯುತ್ತಿತ್ತು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ನಮ್ಮಲ್ಲಿರಲಿಲ್ಲ. ಇಬ್ಬರಿಗೂ ಸೇರಿ ದಿನಕ್ಕೆ 12 ಲೀಟರ್ ಅಂತ ಲೆಕ್ಕ ಹಾಕಿ, ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ, ಹಾಗಾಗಿ ನನಗೆ ಇದು ಹೊಸದಲ್ಲ. ಗಂಡನಿಗೆ ಒಂದು ಚೊಂಬಿನಲ್ಲಿ ಸ್ನಾನ ಮುಗಿಸುವುದನ್ನು ಕಲಿಸಲು ಒಂದು ತಿಂಗಳು ಬೇಕಾಯಿತು.

ಪಾತ್ರೆ ತೊಳೆಯುವುದು ಸಮುದ್ರದ ನೀರಲ್ಲಿ, ಕೊನೆಗೊಂದು ಸಲ ಸಿಹಿನೀರು. ಅನ್ನಕ್ಕಿಡುವ ನೀರಲ್ಲಿ ಕಾಲು ಭಾಗ ಸಮುದ್ರದ್ದು, ಬೇರೆ ಉಪ್ಪು ಬೇಡ. ಆದರೆ ಬಟ್ಟೆ ವಿಷಯದಲ್ಲಿ ಈ ಜಾಣತನ ನಡೆಯಲ್ಲ. ಉಪ್ಪುನೀರಲ್ಲಿ ಒಗೆದ ಬಟ್ಟೆ ಎಷ್ಟು ಬಿಸಿಲಿಗೆ ಹಾಕಿದರೂ ಪೂರ್ತಿ ಒಣಗುವುದಿಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿ ಹೊತ್ತಿಗೆ ಮತ್ತೆ ತಣ್ಣಗೆ, ಅಂಟಂಟಾಗಿ ಮಾಡಿಬಿಡುತ್ತದೆ. ಹಾಸಿಗೆ, ದಿಂಬು, ತಲೆಕೂದಲು ಎಲ್ಲದಕ್ಕೂ ಅದೇ ಗತಿ.

ಅಡುಗೆ ಸುಲಭ. ಓಲಾಡುವ ದೋಣಿಗೆ ನಮ್ಮ ಕುಕ್ಕರಿನಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ, ಮಗುಚಿದರೂ ಚೆಲ್ಲಲ್ಲ. ದೋಸೆ ಹಿಟ್ಟು ಆರು ಗಂಟೆಯಲ್ಲಿ ಉಕ್ಕಿ ಬರುತ್ತದೆ. ರಟ್ಟಿನ ಡಬ್ಬ ಮಾತ್ರ ಒಳಗೆ ತರಬೇಡಿ, ಅದರ ಸಂದಿಯಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ನಾವು ಒಂದೇ ಒಂದು ಸಲ ತಂದೆವು. ಮೂರು ತಿಂಗಳು ಅನುಭವಿಸಿದೆವು.

ಜೂನ್‌ನಿಂದ ನವೆಂಬರ್‌ವರೆಗೆ ಕೆರಿಬಿಯನ್ನಿನಲ್ಲಿ ಹರಿಕೇನ್ ಕಾಲ. ಪನಾಮಾದ ಸಾನ್ ಬ್ಲಾಸ್ ದ್ವೀಪಗಳು ತೀರಾ ದಕ್ಷಿಣಕ್ಕಿರುವುದರಿಂದ ಆ ಚಂಡಮಾರುತಗಳು ಸಾಮಾನ್ಯವಾಗಿ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಎಷ್ಟೋ ದೋಣಿಯವರು ಅಲ್ಲೇ ಲಂಗರು ಹಾಕಿ ಕಾಯುತ್ತಾರೆ. ಅದು ಗುನಾ ಜನರ ನಾಡು. 1925ರಲ್ಲಿ ದಂಗೆ ಎದ್ದು ತಮ್ಮ ಆಡಳಿತ ತಮ್ಮ ಕೈಯಲ್ಲೇ ಉಳಿಸಿಕೊಂಡವರು. ಅಲ್ಲಿ ನೆಲಕ್ಕೆ ಬಿದ್ದ ತೆಂಗಿನಕಾಯಿಯನ್ನೂ ಎತ್ತಿಕೊಳ್ಳಬಾರದು, ಪ್ರತಿ ಮರಕ್ಕೂ ಒಡೆಯರಿದ್ದಾರೆ. ಒಂದೇ ಮರದಲ್ಲಿ ಕೊರೆದ ಪುಟ್ಟ ದೋಣಿಯಲ್ಲಿ ಹೆಂಗಸರು ಮೋಲಾ ಮಾರಲು ಬರುತ್ತಾರೆ. ಬಣ್ಣಬಣ್ಣದ ಬಟ್ಟೆ ಪದರಗಳನ್ನು ಕತ್ತರಿಸಿ, ಮಡಚಿ ಹೊಲಿದ ಕೆಲಸ ಅದು. ಕೌದಿ ನೋಡಿ ಬೆಳೆದವರಿಗೆ ಆ ಹೊಲಿಗೆಯ ಶ್ರಮ ಥಟ್ಟನೆ ಗೊತ್ತಾಗುತ್ತದೆ. ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.

ಮಳೆ ಬಂದರೆ ಹಬ್ಬ. ನೆರಳಿಗೆ ಕಟ್ಟಿದ ತಾಡಪಾಲಿನಿಂದ ಪೈಪ್ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳುವುದು. ಜೊತೆಗೆ ಸಿಡಿಲೂ ಜಾಸ್ತಿ, ನಮ್ಮ ಕಂಬವೇ ಸುತ್ತಲೂ ಎತ್ತರ. ಸಿಡಿಲಿಂದ ಉಳಿಯಲಿ ಅಂತ ಫೋನು, ಜಿಪಿಎಸ್ಸು ಎಲ್ಲ ಲೋಹದ ಓವನ್ ಒಳಗೆ ಇಡುವುದು ದೋಣಿಯವರ ರೂಢಿ. ಮಾರನೆ ದಿನ ಬ್ರೆಡ್ ಮಾಡಲು ಓವನ್ ಹಚ್ಚುವ ಮುಂಚೆ ಒಳಗೆ ನೋಡಿ. ಯಾಕೆ ಅಂತ ಕೇಳಬೇಡಿ.

ಇನ್ನು ಕಾಲುವೆ. ಸಣ್ಣ ದೋಣಿಗಳನ್ನೂ ಬಿಡುತ್ತಾರೆ. ಮೊದಲು ಕಾಲುವೆಯ ಕೆರಿಬಿಯನ್ ತುದಿಯ ಊರಾದ ಕೊಲೋನ್‌ನಲ್ಲಿ ಒಬ್ಬರು ಬಂದು ದೋಣಿ ಅಳೆಯುತ್ತಾರೆ, ಆಮೇಲೆ ದಿನಾಂಕ ಸಿಗುತ್ತದೆ. ಶುಲ್ಕ ಆಗಾಗ ಬದಲಾಗುತ್ತದೆ, ಏಜೆಂಟರನ್ನೇ ಕೇಳಿ. 125 ಅಡಿಯ ನಾಲ್ಕು ದಪ್ಪ ಹಗ್ಗ, ಅವನ್ನು ಹಿಡಿಯಲು ನಾಲ್ಕು ಜನ, ಇವರಲ್ಲದೆ ಚುಕ್ಕಾಣಿಗೆ ಒಬ್ಬರು. 65 ಅಡಿಗಿಂತ ಚಿಕ್ಕ ದೋಣಿಗೆ ಕಾಲುವೆಯವರೇ ಒಬ್ಬ ಸಲಹೆಗಾರರನ್ನು ಕಳಿಸುತ್ತಾರೆ. ಅವರಿಗೆ ಬಿಸಿ ಊಟ, ಸೀಲ್ ಒಡೆಯದ ಬಾಟಲಿ ನೀರು ಕೊಡಬೇಕು. ನಾನು ಕೋಳಿ ಸಾರು, ಅನ್ನ ಮಾಡಿದ್ದೆ. ಎರಡನೇ ಸಲ ಬಡಿಸಿಕೊಂಡರು.

ಸಂಜೆ ಗಾಟುನ್ ಲಾಕ್‌ಗಳಿಗೆ ಹೋದೆವು. ಲಾಕ್ ಅಂದರೆ ನೀರಿನ ಮೆಟ್ಟಿಲು. ಮೂರು ಮೆಟ್ಟಿಲು ಸೇರಿ 26 ಮೀಟರ್ ಮೇಲಕ್ಕೆ ಏರಿಸುತ್ತವೆ. ನಮ್ಮ ಮುಂದೆ ಒಂದು ಭಾರೀ ಹಡಗು, ಅದರ ಬೆನ್ನಿಗೆ ನಾವು. ಎರಡೂ ಕಡೆ ಪಾಚಿ ಹಿಡಿದ ಕಾಂಕ್ರೀಟ್ ಗೋಡೆ. ನಮ್ಮ ದಪ್ಪ ಹಗ್ಗಗಳನ್ನು ಮೇಲೆಳೆದುಕೊಳ್ಳಲು ಕಾಲುವೆಯವರು ಮೇಲಿಂದ ಗಂಟು ಕಟ್ಟಿದ ತೆಳು ಹಗ್ಗ ಎಸೆದರು. ಅದು ಸೋಲಾರ್ ಪ್ಯಾನಲ್ ಮೇಲೆ ಬಿದ್ದು ಒಡೆದೇ ಹೋಗುತ್ತೇನೋ ಅನ್ನಿಸಿತು. ಹಾಸಿಗೆಯ ಮೆತ್ತೆಗಳನ್ನು ಅದರ ಮೇಲೆ ಮುಚ್ಚಿಟ್ಟದ್ದು ಒಳ್ಳೆಯದಾಯಿತು. ಬಾಗಿಲು ಮುಚ್ಚಿದ ಮೇಲೆ ನೀರು ಕೆಳಗಿಂದ ಕುದಿಯುವ ಹಾಗೆ ಉಕ್ಕುತ್ತದೆ. ದೋಣಿ ಏರಿದ ಹಾಗೆ ಹಗ್ಗ ಸಡಿಲವಾಗುತ್ತಾ ಬರುತ್ತದೆ, ನಾಲ್ಕೂ ಜನ ಒಂದೇ ಸಮ ಎಳೆದುಕೊಳ್ಳುತ್ತಿರಬೇಕು. ಒಬ್ಬರು ತಡ ಮಾಡಿದರೆ ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಹಡಗು ಪಂಖ ತಿರುಗಿಸಿ ಹೊರಟಾಗಲಂತೂ ಅಂಗೈ ಉರಿದುಹೋಯಿತು.

ಹೀಗೆ ಒಂದು ಹಡಗು ದಾಟಿಸಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಗಾಟುನ್ ಸರೋವರದ ನೀರದು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಿದ್ದರು. 12 ಲೀಟರ್ ಲೆಕ್ಕ ಬರೆಯುತ್ತಿದ್ದ ನಾನು ಆ ಗೋಡೆಯ ಮಧ್ಯೆ ನಿಂತು ಏನು ಹೇಳಲಿ?

ರಾತ್ರಿ ಸರೋವರದಲ್ಲಿ, ದೋಣಿ ಕಟ್ಟಲು ತೇಲಿಬಿಟ್ಟಿರುವ ಬುರುಡೆಗೆ (buoy) ಕಟ್ಟಿಕೊಂಡು ಮಲಗಿದೆವು. ಮೊಸಳೆಗಳಿವೆ, ನೀರಿಗೆ ಇಳಿಯುವ ಹಾಗಿಲ್ಲ. ಆದರೆ ಬಕೆಟ್ ಇಳಿಬಿಡಬಹುದಲ್ವಾ? ಬೆಳಗಿನ ಜಾವ ಕಾಡಿನಲ್ಲಿ ಕೋತಿಗಳು ಅಬ್ಬರಿಸುತ್ತಿದ್ದವು. ನಾನು ಬಕೆಟ್ ಮೇಲೆ ಬಕೆಟ್ ಎತ್ತಿ ಹಗ್ಗ, ಕಂಬಿ, ಹಾಯಿ ಕಟ್ಟುವ ಕೊಂಡಿ, ಎಲ್ಲದರ ಮೇಲೂ ಸುರಿದೆ. ಏಳು ತಿಂಗಳ ಉಪ್ಪು ಬೆಳ್ಳಗೆ ಕರಗಿ ಇಳಿಯಿತು. ಗಂಡ ಅಭ್ಯಾಸಬಲದಿಂದ "ಸಾಕು, ನೀರು ಖಾಲಿಯಾಗುತ್ತೆ" ಅಂದ.

ಮಾರನೆ ದಿನ ಇಳಿಯುವ ಕೆಲಸ, ಅದು ಅಷ್ಟು ಕಷ್ಟವಲ್ಲ. ಪೆಡ್ರೊ ಮಿಗೆಲ್, ಮಿರಾಫ್ಲೋರೆಸ್ ಲಾಕ್‌ಗಳನ್ನು ದಾಟಿದರೆ ಪೆಸಿಫಿಕ್. ಒಂದು ತಮಾಷೆ ಅಂದರೆ, ಪಶ್ಚಿಮದ ಸಾಗರಕ್ಕೆ ಹೋಗಲು ನೀವು ಆಗ್ನೇಯಕ್ಕೆ ಸಾಗುತ್ತೀರಿ. ಭೂಪಟ ತೆಗೆದು ನೋಡಿ.

ನಿಮಗೆ ಸುಮ್ನೆ ಒಂದು ಸಲ ನೋಡಬೇಕು ಅಂತಿದ್ದರೆ ದೋಣಿ ಕೊಳ್ಳಬೇಕಾಗಿಲ್ಲ. ಕೊಲೋನ್ ಎದುರಿನ ಶೆಲ್ಟರ್ ಬೇ ಮರೀನಾದಲ್ಲಿ ಹಗ್ಗ ಹಿಡಿಯುವವರನ್ನು ಹುಡುಕುವ ದೋಣಿಯವರು ಆಗಾಗ ಸಿಗುತ್ತಾರೆ. ಊಟ, ಮಲಗಲು ಜಾಗ ಅವರದೇ. ನಾವೂ ನಮ್ಮ ಸರದಿಗೆ ಮುಂಚೆ ಹಾಗೆ ಬೇರೆಯವರ ದೋಣಿಯಲ್ಲಿ ಹೋಗಿ ಕಲಿತು, ಬಸ್ಸಿನಲ್ಲಿ ವಾಪಸ್ ಬಂದೆವು. ಭಾರತದ ಪಾಸ್‌ಪೋರ್ಟ್ ಆದರೆ ಮೊದಲು ವೀಸಾ ನಿಯಮ ನೋಡಿಕೊಳ್ಳಿ. ಕೈಗವಸು ತಗೊಂಡು ಹೋಗಿ.